ಬಾಗಿಲೊಳಗೆ ತಿರುಗದ ಕೋವಿ

ಕೊಡವರ ಆಯುಧಪೂಜೆಯಾದ ಕೈಲ್ ಪೊಳ್ದ್ ಹಬ್ಬದ ಸಂಜೆ. ಬೆಳಿಗ್ಗೆ ನಡುಬಾಡೆಯಲ್ಲಿ, ಅಂದರೆ ಮನೆಯ ನಡುವಿನ ದೊಡ್ಡ ಕೋಣೆಯಲ್ಲಿ, ಕೋವಿಗಳನ್ನು ಸಾಲಾಗಿ ಇಟ್ಟು, ತೋಕ್ ಪೂ ಅನ್ನುವ ಕೋವಿ ಹೂ ಸಿಕ್ಕಿಸಿ ಪೂಜೆ ಮಾಡಿಯಾಗಿತ್ತು. ಕಡಂಬುಟ್ಟು, ಪಂದಿಕರಿ ಊಟವೂ ಆಗಿತ್ತು. ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಮುಗಿಸಿ ಬಂದ ನಮ್ಮ ಕುಟುಂಬದ ಹುಡುಗರು ಮೂಲ ಮನೆಯಾದ ಐನ್‌ಮನೆಯ ಕೈಯಾಲೆ ಜಗಲಿಯಲ್ಲಿ ಕೂತು ಜೋರಾಗಿ ವಾದ ಮಾಡುತ್ತಿದ್ದರು. ಸೈನ್ಯಕ್ಕೆ ಯಾವ ರೈಫಲ್ ಒಳ್ಳೆಯದು ಅಂತ. ಒಬ್ಬ ಸಿಗ್ 716 ಅಂದ. ಇನ್ನೊಬ್ಬ ಎಕೆ-203 ಬಿಟ್ಟರೆ ಬೇರೆ ಇಲ್ಲ ಅಂದ. ನನ್ನ ತಂಗಿಯ ಮಗ ಈ ವರ್ಷ ಸೈನ್ಯದ ಭರ್ತಿಗೆ ದಿನಾ ಬೆಳಿಗ್ಗೆ ಓಡುತ್ತಿದ್ದಾನೆ. ಅವನು ನನ್ನ ಕಡೆ ತಿರುಗಿ ಕೇಳಿದ, ಮಾವ, 7.62 ಮಿ.ಮೀ. ಗುಂಡು ದೊಡ್ಡದು, 5.56 ಚಿಕ್ಕದು, ದೊಡ್ಡ ಗುಂಡೇ ಮೇಲು ಅಲ್ವಾ?

ನಾನು ಇಪ್ಪತ್ತೆರಡು ವರ್ಷ ಪದಾತಿ ದಳದಲ್ಲಿದ್ದವನು. ಅದರಲ್ಲಿ ಎರಡು ಸಲ ಕಾಶ್ಮೀರದಲ್ಲಿ, ಉಗ್ರರನ್ನು ಎದುರಿಸುವ ರಾಷ್ಟ್ರೀಯ ರೈಫಲ್ಸ್ (ಆರ್‌ಆರ್) ಜೊತೆ. 5.56ರ ಇನ್ಸಾಸ್ ರೈಫಲ್ ಹೊತ್ತಿದ್ದೇನೆ, ಎಕೆ ಹೊತ್ತಿದ್ದೇನೆ, ಮೊದಲ ವರ್ಷಗಳಲ್ಲಿ ಹಳೆಯ ಎಸ್‌ಎಲ್‌ಆರ್ ಕೂಡ ಹೊತ್ತಿದ್ದೇನೆ. ಈಗ ಪೊನ್ನಂಪೇಟೆ ಕಡೆ ಕಾಫಿ ನೋಡಿಕೊಂಡು ಇದ್ದೇನೆ. ಹುಡುಗನ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಡಬಹುದಿತ್ತು. ಆದರೆ ಇವನು ನಾಳೆ ನಿಜವಾಗಿಯೂ ಒಂದು ಮನೆಯ ಬಾಗಿಲ ಎದುರು ನಿಲ್ಲುವವನು. ಅವನಿಗೆ ಸುಮ್ನೆ ಬಾಯಿಮಾತಿನಲ್ಲಿ ಹೇಳಿದರೆ ಸಾಲದು ಅನ್ನಿಸಿತು.

ಮರುದಿನ ಬೆಳಿಗ್ಗೆ ತೋಟಕ್ಕೆ ಹೋಗಿ ರೋಬಸ್ಟಾದ ನಾಲ್ಕು ನೆಟ್ಟಗಿನ ಕೋಲು ಕಡಿದು ತಂದೆ. ಟೇಪು ಹಿಡಿದು ಅಳೆದು ಕತ್ತರಿಸಿದೆ. ಒಂದು 1143 ಮಿಲಿಮೀಟರ್, ಅದು ಎಸ್‌ಎಲ್‌ಆರ್. ಅಂದರೆ ಮೂರೂಮುಕ್ಕಾಲು ಅಡಿ. ಎರಡನೆಯದು 960, ಅದು ಇನ್ಸಾಸ್. ಮೂರನೆಯದು 880, ಅದು ನಾವು ಹೊತ್ತ ಮರದ ಬಟ್ಟಿನ ಎಕೆ (ಬಟ್ಟು ಅಂದರೆ ಭುಜಕ್ಕೆ ಆನಿಸುವ ಹಿಂಭಾಗ). ನಾಲ್ಕನೆಯದು 720, ಅದು ಇಸ್ರೇಲಿನ ಟವೋರ್, ನಮ್ಮ ಪ್ಯಾರಾ ವಿಶೇಷ ದಳದವರ ಕೈಯಲ್ಲಿ ನೋಡಿರುತ್ತೀರಿ. ಮಡಿಕೇರಿಯ ಸನ್ನಿಸೈಡ್‌ನಲ್ಲಿ ಜನರಲ್ ತಿಮ್ಮಯ್ಯ ಮ್ಯೂಸಿಯಂಗೆ ಈ ಹುಡುಗರು ಮೂರು ನಾಲ್ಕು ಸಲ ಹೋಗಿದ್ದಾರೆ. ಆದರೆ ಮ್ಯೂಸಿಯಂನಲ್ಲಿ ದೂರ ನಿಂತು ನೋಡಿದ ಕೋವಿಯ ಉದ್ದ ಮೈಗೆ ತಿಳಿಯುವುದಿಲ್ಲ.

ನಮ್ಮ ಐನ್‌ಮನೆ ಹಳೆಯದು. ಬಾಗಿಲು ಗಿಡ್ಡ, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಅಗಲ ಎರಡೂವರೆ ಅಡಿ ಇರಬಹುದು. ಮಣ್ಣಿನ ಗೋಡೆ ಎರಡು ಅಡಿ ದಪ್ಪ, ಹಾಗಾಗಿ ಬಾಗಿಲು ಅನ್ನುವುದು ಒಂದು ಸಣ್ಣ ಓಣಿಯ ಹಾಗೆ. ಅದನ್ನು ದಾಟಿದರೆ ನಡುಬಾಡೆ, ಅದರ ಸುತ್ತ ಕತ್ತಲೆ ಕೋಣೆಗಳು. ಹುಡುಗನ ಕೈಗೆ ಉದ್ದದ ಕೋಲು ಕೊಟ್ಟು, ಭುಜಕ್ಕೆ ಆನಿಸಿಕೊಂಡು ಒಳಗೆ ಹೋಗಿ ಎಡಗಡೆ ಮೂಲೆ ನೋಡು ಅಂದೆ. ಹೋದ. ತಲೆ ಬಗ್ಗಿಸಿದ. ಎಡಕ್ಕೆ ತಿರುಗಿದ ಕೂಡಲೇ ಕೋಲಿನ ತುದಿ ಬಾಗಿಲ ಚೌಕಟ್ಟಿಗೆ ಟಕ್ ಅಂತ ಬಡಿಯಿತು. ಇನ್ನೊಮ್ಮೆ ಅಂದೆ. ಈ ಸಲ ನಿಧಾನ ಹೋದ. ಕೋಲಿನ ತುದಿ ಅವನಿಗಿಂತ ಎರಡು ಹೆಜ್ಜೆ ಮೊದಲೇ ಕೋಣೆಯೊಳಗೆ ಹೋಯಿತು. ಗೋಡೆಯ ಮರೆಯಲ್ಲಿ ನಿಂತಿದ್ದ ನಾನು ಕೈ ಚಾಚಿ ಹಿಡಿದುಕೊಂಡೆ. ಅಷ್ಟೇ. ಅವನ ಮುಖ ನೋಡಬೇಕಿತ್ತು.

ಆಮೇಲೆ 960, ಆಮೇಲೆ 880. ಪ್ರತಿ ಸಲವೂ ಸ್ವಲ್ಪ ಸಲೀಸಾಯಿತು. 720ರ ಕೋಲು ಹಿಡಿದು ಹೋದಾಗ ಅವನ ಮೊಣಕೈ ಪಕ್ಕೆಗೆ ಅಂಟಿಕೊಂಡೇ ಇತ್ತು, ಕೋಲಿನ ತುದಿ ಅವನ ಕಣ್ಣು ತಿರುಗಿದ ಕಡೆಗೇ ಹಗುರವಾಗಿ ತಿರುಗಿತು. ಇದನ್ನು ನೋಡಿದ ಮೇಲೆ ಗುಂಡಿನ ದಪ್ಪದ ಮಾತು ಯಾರೂ ಎತ್ತಲಿಲ್ಲ, ಸ್ವಲ್ಪ ಹೊತ್ತು.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿರುವ ಜೋಡಿ ನಳಿಕೆಯ 12 ಬೋರ್ ಕೋವಿಯೂ ಹೆಚ್ಚುಕಡಿಮೆ ಎಸ್‌ಎಲ್‌ಆರ್‌ನಷ್ಟೇ ಉದ್ದ. 28 ಇಂಚಿನ ನಳಿಕೆ, ಮೇಲೆ ಬಟ್ಟು. ಅದು ಕಾಡಿಗೆ, ಬಯಲಿಗೆ ಮಾಡಿದ್ದು. ನಮ್ಮ ಅಜ್ಜಂದಿರು ಅದನ್ನು ಮನೆಯೊಳಗೆ ನೆಟ್ಟಗೆ ನಿಲ್ಲಿಸಿ ಹಿಡಿದೇ ಓಡಾಡುತ್ತಿದ್ದರು. ಕೊಡವರಿಗೆ, ಕೊಡಗಿನ ವಂಶಪಾರಂಪರ್ಯದ ಜಮ್ಮಾ ಜಮೀನಿನ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ ಅಂತ ಸೈನ್ಯದ ರೈಫಲ್ಲೂ ಇಟ್ಟುಕೊಳ್ಳಬಹುದು ಅಂದುಕೊಳ್ಳಬೇಡಿ. 7.62, .303, 9 ಮಿ.ಮೀ. ಇವೆಲ್ಲ ನಿಷೇಧಿತ ಬೋರ್, ಅಂದರೆ ನಳಿಕೆಯ ಅಳತೆ. ಕೇಳುವವರು ಇದ್ದಾರೆ, ಅದಕ್ಕೆ ಹೇಳಿದೆ.

ಇನ್ನು ಗುಂಡಿನ ವಿಷಯ. ಹುಡುಗರು ಅಂದುಕೊಳ್ಳುವ ಹಾಗೆ 7.62 ಅನ್ನುವುದು ಒಂದೇ ಗುಂಡು ಅಲ್ಲ. ಎಕೆಯ 7.62 ಬೇರೆ, ಸಿಗ್ 716ರ 7.62 ಬೇರೆ. ಅಡ್ಡಳತೆ ಹೆಚ್ಚುಕಡಿಮೆ ಒಂದೇ, ಹಿಂದಿನ ತೋಟಾ, ಅಂದರೆ ಮದ್ದು ತುಂಬುವ ಲೋಹದ ಕೋಶ, ಬೇರೆ. ಎಕೆಯದ್ದು 39 ಮಿ.ಮೀ. ಉದ್ದದ ತೋಟಾ. ಸಿಗ್, ಹಳೆಯ ಎಸ್‌ಎಲ್‌ಆರ್, ಮಧ್ಯಮ ಮಷೀನ್‌ಗನ್ ಇವುಗಳದ್ದು 51 ಮಿ.ಮೀ. ಉದ್ದ ಜಾಸ್ತಿಯಾದರೆ ಮದ್ದು ಜಾಸ್ತಿ, ಮದ್ದು ಜಾಸ್ತಿಯಾದರೆ ಭುಜಕ್ಕೆ ಒದೆತ ಜಾಸ್ತಿ. 51ರ ಗುಂಡು ಸುಮಾರು ಒಂಬತ್ತೂವರೆ ಗ್ರಾಂ ತೂಗುತ್ತದೆ, ಸೆಕೆಂಡಿಗೆ 840 ಮೀಟರ್ ಹತ್ತಿರ ಓಡುತ್ತದೆ, ಅದರ ಶಕ್ತಿ 3,300 ಜೂಲ್ ಆಸುಪಾಸು. ಎಕೆಯ ಗುಂಡು ಎಂಟು ಗ್ರಾಂ ಹತ್ತಿರ, ವೇಗ ಸುಮಾರು 715 ಮೀಟರ್, ಶಕ್ತಿ 2,000 ಜೂಲ್. 5.56ರದ್ದು ಬರೀ ನಾಲ್ಕು ಗ್ರಾಂ, ಆದರೆ ಉದ್ದ ನಳಿಕೆಯಿಂದ 940 ಮೀಟರ್ ವೇಗ, ಶಕ್ತಿ 1,700ರಿಂದ 1,800. ಗಿಡ್ಡ ನಳಿಕೆಯ ಕಾರ್ಬೈನಿನ 9 ಮಿ.ಮೀ. ಗುಂಡಿಗೆ 500 ಜೂಲ್ ಹತ್ತಿರ ಇರುತ್ತದೆ, ಅಷ್ಟೇ.

ಈ ಅಂಕಿ ನೋಡಿದವರೆಲ್ಲ 51ರ ಕಡೆಗೇ ವಾಲುತ್ತಾರೆ. ನಾನೂ ಬೆಟ್ಟದಲ್ಲಿ ವಾಲುತ್ತೇನೆ. ಎದುರಿನ ಗುಡ್ಡ 400, 500 ಮೀಟರ್ ದೂರ ಇದ್ದರೆ, ಗಾಳಿ ಬೀಸುತ್ತಿದ್ದರೆ, ಬಂಡೆಯ ಮರೆಯಲ್ಲಿ ಯಾರೋ ಇದ್ದರೆ, ಅದೇ ಬೇಕು. 2019ರ ಫೆಬ್ರವರಿಯಲ್ಲಿ 72,400 ಸಿಗ್ 716 ರೈಫಲ್‌ಗಳಿಗೆ ಒಪ್ಪಂದ ಆದಾಗ ನನಗೆ ಖುಷಿಯೇ ಆಯಿತು. ಗಡಿಯ ಮೇಲೆ ಕಾವಲು ನಿಂತವನಿಗೆ ಅದು ಸರಿಯಾದ ಸಾಮಾನು.

ಆದರೆ ಮನೆಯೊಳಗೆ ದೂರ ಎಷ್ಟು? ನಮ್ಮ ನಡುಬಾಡೆ ಈ ತುದಿಯಿಂದ ಆ ತುದಿಗೆ ಇಪ್ಪತ್ತು ಅಡಿ. ಆರು ಮೀಟರ್. ಅಷ್ಟು ಹತ್ತಿರದಲ್ಲಿ ಯಾವ ರೈಫಲ್ ಗುಂಡಿಗೂ ಶಕ್ತಿ ಕಡಿಮೆ ಆಗುವುದಿಲ್ಲ. ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಮೊದಲ ಗುಂಡು ಹಾರಿಸಿದ ಮೇಲೆ ಎರಡನೆಯದು ಅದೇ ಜಾಗಕ್ಕೆ ಎಷ್ಟು ಬೇಗ ಹೋಗುತ್ತದೆ? ಮತ್ತೆ, ಗುರಿ ತಪ್ಪಿದ ಗುಂಡು ಎಲ್ಲಿಗೆ ಹೋಗುತ್ತದೆ?

ಎರಡನೆಯ ಪ್ರಶ್ನೆಯೇ ನನ್ನ ನಿದ್ದೆ ಕೆಡಿಸಿದ್ದು. ಕಾಶ್ಮೀರದ ಹಳ್ಳಿ ಮನೆಗಳು ಇಟ್ಟಿಗೆ ಮತ್ತು ಮರದವು. ಎರಡು ಮೂರು ಅಂತಸ್ತು, ಮೇಲೆ ತಗಡಿನ ಮಾಡು, ಅದರ ಕೆಳಗೆ ಅಟ್ಟ. ಮಹಡಿಯ ನೆಲ ಮರದ ಹಲಗೆ. ಕಾರ್ಡನ್ ಹಾಕಿ ಸುತ್ತುವರಿದ ಮೇಲೆ ಮನೆಯವರನ್ನು ಹೊರಗೆ ಕರೆಯುತ್ತೇವೆ. ಎಲ್ಲರೂ ಬಂದರು ಅಂತ ಹೇಳುತ್ತಾರೆ. ಬಂದಿರುತ್ತಾರಾ? ಒಂದು ಸಲ ಒಂದು ಮನೆಯಲ್ಲಿ ಕೆಳಗಿನ ಕೋಣೆಗಳನ್ನೆಲ್ಲ ನೋಡಿ ಮೇಲೆ ಹತ್ತಿದಾಗ, ಹಾಸಿಗೆ ಸುರುಳಿಗಳ ಹಿಂದೆ ಒಬ್ಬಳು ಮುದುಕಿ ಕೂತಿದ್ದಳು. ಕಿವಿ ಕೇಳದವಳು. ಹೊರಗಿನ ಗಲಾಟೆ ಏನೂ ಅವಳಿಗೆ ಗೊತ್ತಾಗಿರಲಿಲ್ಲ. ಅವಳು ಕೂತ ಜಾಗ ಕೆಳಗಿನ ಕೋಣೆಗೆ ನೇರ ಮೇಲೆ, ನಡುವೆ ಇದ್ದದ್ದು ಒಂದು ಇಂಚು ಹಲಗೆ. ಆವತ್ತು ಆ ಮನೆಯಲ್ಲಿ ಯಾರೂ ಗುಂಡು ಹಾರಿಸುವ ಪ್ರಸಂಗ ಬರಲಿಲ್ಲ. ಬಂದಿದ್ದರೆ? ನನ್ನ ಕೈಯಲ್ಲಿದ್ದ ಎಕೆಯ ಗುಂಡಿಗೆ ಆ ಹಲಗೆ ಲೆಕ್ಕಕ್ಕೇ ಇಲ್ಲ. ಆ ಮುದುಕಿ ನನ್ನನ್ನು ನೋಡಿ ಕುಡಿಯೋಕೆ ನೀರು ಕೊಡಲಾ ಅಂತ ಕೈಸನ್ನೆ ಮಾಡಿದಳು.

ಅದಕ್ಕೇ ಗೋಡೆಯ ಆಚೆ ಯಾರಿದ್ದಾರೆ ಅನ್ನುವುದು ಕ್ಯಾಲಿಬರ್, ಅಂದರೆ ಗುಂಡಿನ ಅಳತೆ, ಆರಿಸುವವನ ಮೊದಲ ಚಿಂತೆ ಆಗಬೇಕು ಅಂತ ನಾನು ಹೇಳುವುದು. 51ರ ಗುಂಡು ಟೊಳ್ಳು ಸಿಮೆಂಟ್ ಬ್ಲಾಕ್ ಗೋಡೆ, ಮರದ ಗೋಡೆ, ಕಬ್ಬಿಣದ ಬಾಗಿಲು ಇವನ್ನೆಲ್ಲ ದಾಟಿ ಆ ಕಡೆ ಇರುವವನನ್ನೂ ಕೊಲ್ಲುವಷ್ಟು ಶಕ್ತಿ ಉಳಿಸಿಕೊಂಡಿರುತ್ತದೆ. ಕೆಲವು ಸಲ ಅದೇ ಬೇಕಾಗುತ್ತದೆ, ಗೋಡೆಯ ಮರೆಯಿಂದ ಗುಂಡು ಹಾರಿಸುವವನನ್ನು ತಡೆಯಲು. ಹಾಗಾಗಿ ತಂಡದಲ್ಲಿ ಒಬ್ಬರ ಇಬ್ಬರ ಕೈಯಲ್ಲಿ ಅದು ಇರಲಿ. ಎಲ್ಲರ ಕೈಯಲ್ಲೂ ಬೇಡ. ಜನ ಬದುಕುವ ಬೀದಿಯಲ್ಲಿ ಖಂಡಿತ ಬೇಡ.

5.56ರ ಗುಣ ಬೇರೆ. ಗುಂಡು ಹಗುರ, ವೇಗ ಜಾಸ್ತಿ. ವೇಗ ಇದ್ದಾಗ ಅದು ಒಳಗೆ ಹೋಗಿ ಅಡ್ಡ ತಿರುಗಿ ಒಡೆಯುತ್ತದೆ. ಒಡೆದರೆ ಶಕ್ತಿಯೆಲ್ಲ ಅಲ್ಲೇ ಮುಗಿಯುತ್ತದೆ, ಆಚೆ ಹೋಗುವುದು ಕಡಿಮೆ. ಇಲ್ಲಿ ಒಂದು ವಿಚಿತ್ರ ಇದೆ, ಹುಡುಗರು ನಂಬಲೇ ಇಲ್ಲ. ಆಫೀಸುಗಳಲ್ಲಿ ಹಾಕುತ್ತಾರಲ್ಲ ಜಿಪ್ಸಮ್ ಬೋರ್ಡಿನ ತೆಳು ಗೋಡೆ, ಅಂಥದ್ದನ್ನು ಒಂದರ ಹಿಂದೆ ಒಂದು ನಿಲ್ಲಿಸಿ ಹೊಡೆದರೆ, ಹಗುರವಾದ 5.56 ಗುಂಡಿಗಿಂತ ಪಿಸ್ತೂಲಿನ 9 ಮಿ.ಮೀ. ಗುಂಡೇ ಜಾಸ್ತಿ ಗೋಡೆ ದಾಟಿ ಹೋಗುವುದುಂಟು. 9 ಮಿ.ಮೀ. ನಿಧಾನ, ಗುಂಡು ದುಂಡಗೆ, ಒಡೆಯುವುದಿಲ್ಲ, ಹಾಗೇ ಕೊರೆದುಕೊಂಡು ಹೋಗುತ್ತದೆ. ಹಗುರ ರೈಫಲ್ ಗುಂಡು ಮೊದಲ ಗೋಡೆಯಲ್ಲೇ ದಾರಿ ತಪ್ಪಿ ತಿರುಗಲು ಶುರುಮಾಡುತ್ತದೆ. ಶಕ್ತಿ ಮೂರು ಪಟ್ಟು ಇದ್ದರೂ ಹೀಗೆ. ಹಾಗಂತ 5.56 ಗೋಡೆ ದಾಟುವುದಿಲ್ಲ ಅಂತ ಯಾರೂ ತಿಳಿಯಬಾರದು. ದಾಟುತ್ತದೆ. ತುದಿಯಲ್ಲಿ ಉಕ್ಕಿನ ಮೊಳೆ ಇರುವ ಎಸ್‌ಎಸ್109 ಬಗೆಯದ್ದು ಇನ್ನೂ ಚೆನ್ನಾಗಿ ದಾಟುತ್ತದೆ.

ಈ ಒಡೆಯುವ ಗುಣಕ್ಕೆ ಒಂದು ಬೆಲೆ ಇದೆ, ಅದೇ ಇಡೀ ತಲೆನೋವಿನ ಮೂಲ. ಗುಂಡು ಒಡೆಯಬೇಕಾದರೆ ಸುಮಾರು 750ರಿಂದ 800 ಮೀಟರಿಗಿಂತ ಜಾಸ್ತಿ ವೇಗದಲ್ಲಿ ಬಡಿಯಬೇಕು. ವೇಗ ಬರುವುದು ನಳಿಕೆಯ ಉದ್ದದಿಂದ. 20 ಇಂಚಿನ ನಳಿಕೆಯಿಂದ 940 ಬರುವ ಗುಂಡು, ಎಂ4 ಕಾರ್ಬೈನಿನ 14.5 ಇಂಚಿನ ನಳಿಕೆಯಿಂದ 880ರ ಹತ್ತಿರ ಬರುತ್ತದೆ, 10 ಇಂಚು ಚಿಲ್ಲರೆಗೆ ಇಳಿಸಿದರೆ 780ರ ಆಸುಪಾಸು. ಅಂದರೆ ಬಾಗಿಲೊಳಗೆ ತಿರುಗಲಿ ಅಂತ ನಳಿಕೆ ಕತ್ತರಿಸುತ್ತ ಹೋದರೆ ಗುಂಡು ಒಡೆಯುವುದನ್ನೇ ಬಿಡುತ್ತದೆ, ಸೂಜಿ ಚುಚ್ಚಿದ ಹಾಗೆ ಈ ಕಡೆಯಿಂದ ಆ ಕಡೆ ಹೋಗಿಬಿಡುತ್ತದೆ. 1993ರಲ್ಲಿ ಸೊಮಾಲಿಯಾದ ಮೊಗದಿಶು ಪಟ್ಟಣದ ಬೀದಿಗಳಲ್ಲಿ ಅಮೆರಿಕದ ವಿಶೇಷ ದಳದವರು ಇದನ್ನೇ ದೂರಿದ್ದರು, ಗಿಡ್ಡ ಕಾರ್ಬೈನು, ಉಕ್ಕಿನ ತುದಿಯ ಗುಂಡು, ಹೊಡೆತ ಬಿದ್ದವನು ಬೀಳುತ್ತಿಲ್ಲ ಅಂತ. ಆಮೇಲೆ ಅವರು ಗುಂಡನ್ನೇ ಬದಲಾಯಿಸುತ್ತ ಬಂದರು. 2010ರಲ್ಲಿ ಬಂದ ಎಂ855ಎ1 ಗುಂಡು ಗಿಡ್ಡ ನಳಿಕೆಯಲ್ಲೂ ಕೆಲಸ ಮಾಡಲಿ ಅಂತಲೇ ಮಾಡಿದ್ದು.

ಇದನ್ನು ನಾನು ಇಷ್ಟು ಉದ್ದ ಹೇಳುವುದು ಯಾಕೆ ಅಂದರೆ, ರೈಫಲ್ ಒಂದು ಕಡೆ, ಗುಂಡು ಒಂದು ಕಡೆ ಅಂತ ಬೇರೆ ಬೇರೆ ಆರಿಸುವವರು ಜಾಸ್ತಿ. ನಳಿಕೆ ಮತ್ತು ತೋಟಾ ಗಂಡಹೆಂಡಿರ ಹಾಗೆ. ಒಬ್ಬರನ್ನು ಬಿಟ್ಟು ಇನ್ನೊಬ್ಬರ ಬಗ್ಗೆ ಮಾತಾಡಿ ಪ್ರಯೋಜನ ಇಲ್ಲ. ಎಕೆಯ ತೋಟಾ ಇಲ್ಲಿ ಗೆಲ್ಲುತ್ತದೆ. ಅದು ವೇಗವನ್ನು ನಂಬಿಕೊಂಡ ಗುಂಡಲ್ಲ. ನಳಿಕೆ ನಾಲ್ಕು ಇಂಚು ಕಡಿಮೆ ಆದರೂ ಅದರ ಸ್ವಭಾವ ಅಷ್ಟು ಬದಲಾಗುವುದಿಲ್ಲ. ಟವೋರ್ ಇನ್ನೊಂದು ದಾರಿ ಹಿಡಿಯಿತು. ಮ್ಯಾಗಜೀನನ್ನೇ ಹಿಡಿಕೆಯ ಹಿಂದಕ್ಕೆ ತಳ್ಳಿ, 460 ಮಿ.ಮೀ. ಪೂರ್ತಿ ನಳಿಕೆ ಇಟ್ಟುಕೊಂಡು, ಒಟ್ಟು ಉದ್ದವನ್ನು 720ಕ್ಕೆ ಇಳಿಸಿತು. ಬುದ್ಧಿವಂತ ಕೆಲಸ. ಆದರೆ ಎಡಗಡೆ ಮೂಲೆ ನೋಡಲು ರೈಫಲನ್ನು ಎಡ ಭುಜಕ್ಕೆ ಬದಲಾಯಿಸಿದರೆ ಖಾಲಿ ತೋಟಾ ಕೆನ್ನೆಯ ಹತ್ತಿರವೇ ಹಾರುತ್ತದೆ. ಮ್ಯಾಗಜೀನ್ ಬದಲಾಯಿಸುವುದಕ್ಕೂ ಕೈ ಪಳಗಬೇಕು. ಬರೀ ಅಂಕಿ ನೋಡುವವರಿಗೆ ಇದು ಕಾಣುವುದಿಲ್ಲ.

ಇನ್ಸಾಸ್ ಬಗ್ಗೆ ಎಲ್ಲರೂ ಬೈಯುತ್ತಾರೆ. ಕಾರ್ಗಿಲ್ ಚಳಿಯಲ್ಲಿ ಮ್ಯಾಗಜೀನ್ ಬಿರುಕು ಬಿಟ್ಟದ್ದು, ಎಣ್ಣೆ ಕಣ್ಣಿಗೆ ಸಿಡಿದದ್ದು, ಈ ದೂರುಗಳೆಲ್ಲ ಇದ್ದವು. ನಾನು ಅದನ್ನು ಪ್ರೀತಿಯಿಂದಲೇ ನೆನೆಸುತ್ತೇನೆ, ಬಯಲಿನಲ್ಲಿ ಅದರ ಗುರಿ ಬಹಳ ಚೆನ್ನಾಗಿತ್ತು. ಆದರೆ 960 ಮಿ.ಮೀ. ಉದ್ದ, ನಾಲ್ಕು ಕಿಲೋ ಮೇಲೆ ತೂಕ, 20 ರೌಂಡಿನ ಮ್ಯಾಗಜೀನ್. ಮನೆಯೊಳಗೆ 20 ರೌಂಡ್ ಬೇಗ ಮುಗಿಯುತ್ತದೆ. ಅದಕ್ಕೇ ಆರ್‌ಆರ್‌ನಲ್ಲಿ ಮನೆ ಹೊಕ್ಕುವ ತಂಡ ಎಕೆಯನ್ನೇ ಹಿಡಿಯುತ್ತಿದ್ದದ್ದು. 30 ರೌಂಡ್, ಗಿಡ್ಡ, ಕೆಸರಲ್ಲಿ ಬಿದ್ದರೂ ಹೊಡೆಯುತ್ತದೆ. ಸೇಫ್ಟಿ ಮಾತ್ರ ಕೆಟ್ಟದ್ದು. ಕೆಳಗೆ ಒತ್ತಿದರೆ ಖಟ್ ಅಂತ ಸದ್ದು, ರಾತ್ರಿಯ ಮೌನದಲ್ಲಿ ಪಕ್ಕದ ಕೋಣೆಗೂ ಕೇಳುತ್ತದೆ. ನಾವು ಎರಡು ಬೆರಳಿನಿಂದ ಸ್ವಲ್ಪ ಹೊರಕ್ಕೆ ಎಳೆದು ಹಿಡಿದು ಮೆಲ್ಲಗೆ ಇಳಿಸುತ್ತಿದ್ದೆವು.

5.56 ಬಂದದ್ದು ಶತ್ರುವನ್ನು ಗಾಯ ಮಾಡಲು, ಒಬ್ಬ ಗಾಯಗೊಂಡರೆ ಇಬ್ಬರು ಅವನನ್ನು ಹೊತ್ತೊಯ್ಯುತ್ತಾರೆ, ಮೂವರು ಕಡಿಮೆ ಆದ ಹಾಗೆ ಅನ್ನುವ ಮಾತು ನಮ್ಮಲ್ಲಿ ಬ್ಯಾರಕ್ಕಿನಿಂದ ಬ್ಯಾರಕ್ಕಿಗೆ ಓಡಾಡುತ್ತದೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಅದು ಬಂದದ್ದು ಭಾರ ಇಳಿಸಲು, ಒದೆತ ಇಳಿಸಲು. ಗುಂಡು ಸೇರಿ ಒಂದು ತೋಟಾ ಹನ್ನೆರಡು ಗ್ರಾಂ, 51ರದ್ದು ಇಪ್ಪತ್ತನಾಲ್ಕು. ನೂರು ರೌಂಡ್ ಹೊತ್ತರೆ ಒಂದು ಕಿಲೋ ಇನ್ನೂರು ಗ್ರಾಂ ಉಳಿತಾಯ, ಮೆಟ್ಟಿಲು ಹತ್ತುವವನಿಗೆ ಗೊತ್ತು ಅದರ ಬೆಲೆ. ಆದರೆ ಆ ಗಾಯದ ಲೆಕ್ಕ ಸುಳ್ಳೇ ಆದರೂ ಅದರಿಂದ ಒಂದು ನಿಜ ಹೊರಬಂತು. ಸಾಯಲೇ ಬಂದ ಫಿದಾಯೀನನ್ನು ಯಾರೂ ಹೊತ್ತೊಯ್ಯುವುದಿಲ್ಲ. ಅವನು ಗಾಯಗೊಂಡರೂ ಗ್ರೆನೇಡಿನ ಪಿನ್ ಎಳೆಯುತ್ತಾನೆ. ಅವನನ್ನು ಅಲ್ಲೇ ನಿಲ್ಲಿಸಬೇಕು. ನಮ್ಮ ಸೈನ್ಯ ಮತ್ತೆ 7.62ರ ಕಡೆ ಹೊರಳಿದ್ದಕ್ಕೆ ಇದು ಒಂದು ಮುಖ್ಯ ಕಾರಣ. 2021ರ ಡಿಸೆಂಬರಿನಲ್ಲಿ ಒಪ್ಪಂದವಾಗಿ, ಅಮೇಠಿಯ ಕೊರ್ವಾದಲ್ಲಿ ತಯಾರಾಗುವ ಆರು ಲಕ್ಷಕ್ಕೂ ಹೆಚ್ಚು ಎಕೆ-203ಗಳು 39ರ ತೋಟಾದವು, 51ರದ್ದಲ್ಲ. ಇದು ಸರಿಯಾದ ತೀರ್ಮಾನ ಅಂತ ನನ್ನ ಅಭಿಪ್ರಾಯ. ಬಟ್ಟು ಮಡಚಬಹುದು, ಗುರಿಗೆ ಕೆಂಪು ಚುಕ್ಕೆ ತೋರಿಸುವ ರೆಡ್ ಡಾಟ್ ಕೂರಿಸಲು ರೈಲ್ ಇದೆ. ಒಬ್ಬ ಸಾಮಾನ್ಯ ಜವಾನನಿಗೆ ಬಯಲಿಗೂ ಮನೆಗೂ ಒಂದೇ ರೈಫಲ್ ಕೊಡಬೇಕು ಅಂತಾದರೆ ಇದೇ ಆಗಬಹುದು.

ಹಿಂದೆ ಇನ್ನೊಂದು ಕನಸು ಇತ್ತು. ಒಂದೇ ರೈಫಲ್, ನಳಿಕೆ ಬದಲಾಯಿಸಿದರೆ 5.56 ಕೂಡ ಹೊಡೆಯಬೇಕು, 7.62 ಕೂಡ ಹೊಡೆಯಬೇಕು. 2011ರಲ್ಲಿ ಟೆಂಡರ್ ಕರೆದರು, 2015ರಲ್ಲಿ ರದ್ದಾಯಿತು. ಕಾಗದದ ಮೇಲೆ ಚಂದ. ಕೆಸರಿನಲ್ಲಿ, ಕತ್ತಲಲ್ಲಿ, ಎರಡು ಬಗೆಯ ತೋಟಾ ಒಂದೇ ಚೀಲದಲ್ಲಿ ಹೊತ್ತವನಿಗೆ ಏನಾಗುತ್ತದೆ ಅಂತ ಯೋಚಿಸಿ.

9 ಮಿ.ಮೀ. ಕಾರ್ಬೈನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಹಳೆಯ ಸ್ಟರ್ಲಿಂಗ್ ಕಾರ್ಬೈನಿನ ಮಡಚಿದ ಬಟ್ಟು ಬಿಡಿಸಿದರೂ ಎರಡೂಕಾಲು ಅಡಿ, ಕೈಯಲ್ಲಿ ಆಟಿಕೆಯ ಹಾಗೆ ತಿರುಗುತ್ತದೆ. 9 ಮಿ.ಮೀ.ಯದ್ದೇ ಆದ ಎಂಪಿ5 ಅದಕ್ಕಿಂತ ಎಷ್ಟೋ ಮೇಲು. 2008ರ ನವೆಂಬರ್ 26ರ ಮುಂಬೈ ದಾಳಿಯಲ್ಲಿ ತಾಜ್ ಹೋಟೆಲಿನ ಕಾರಿಡಾರ್‌ಗಳಲ್ಲಿ ಎನ್‌ಎಸ್‌ಜಿ ಕಮಾಂಡೋಗಳ ಕೈಯಲ್ಲಿ ಅದಿತ್ತು. ನಮ್ಮ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅಲ್ಲೇ ಪ್ರಾಣ ಕೊಟ್ಟರು. ದಾಳಿಯ ಮೊದಲ ರಾತ್ರಿ ಸಿಎಸ್‌ಟಿ ರೈಲು ನಿಲ್ದಾಣದಲ್ಲಿ ಎಕೆ ಹಿಡಿದ ಇಬ್ಬರ ಎದುರು ಪೊಲೀಸರ ಕೈಯಲ್ಲಿ ಲಾಠಿ, ಹಳೆಯ .303. ಪ್ರತಿ ಗುಂಡಿಗೂ ಬೋಲ್ಟ್ ಎಳೆಯಬೇಕು. ಐವತ್ತಕ್ಕೂ ಹೆಚ್ಚು ಜನ ಆ ಒಂದೇ ನಿಲ್ದಾಣದಲ್ಲಿ ಹೋದರು. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. 9 ಮಿ.ಮೀ.ಗೆ ಈಗಿನ ಕಾಲದಲ್ಲಿ ದೊಡ್ಡ ತೊಂದರೆ ಬುಲೆಟ್ ಪ್ರೂಫ್ ಜಾಕೆಟ್. ಬರೀ ಬಟ್ಟೆಯ ಪದರದ ಜಾಕೆಟ್ಟೂ ಆ ಗುಂಡನ್ನು ತಡೆಯುತ್ತದೆ, ರೈಫಲ್ ಗುಂಡನ್ನು ತಡೆಯುವುದಿಲ್ಲ. ಅದಕ್ಕೆ ಜಗತ್ತಿನ ಬಹಳ ಕಡೆ ಮನೆ ಹೊಕ್ಕುವ ತಂಡಗಳು 9 ಮಿ.ಮೀ. ಬಿಟ್ಟು ಗಿಡ್ಡ 5.56ಕ್ಕೆ ಬಂದವು. ನಮ್ಮಲ್ಲೂ 2022ರ ಜುಲೈನಲ್ಲಿ ಸುಮಾರು ನಾಲ್ಕು ಲಕ್ಷ ಹತ್ತಿರದ ಕಾಳಗದ ಕಾರ್ಬೈನ್ ಕೊಳ್ಳಲು ಒಪ್ಪಿಗೆ ಸಿಕ್ಕಿತು. ಬಹಳ ತಡವಾಯಿತು. ನಾನು ಸರ್ವಿಸ್‌ನಲ್ಲಿ ಇದ್ದಾಗಲೇ ಬರಬೇಕಿತ್ತು.

ಸದ್ದಿನ ಬಗ್ಗೆ ಯಾರೂ ಬರೆಯುವುದಿಲ್ಲ, ಅದಕ್ಕೆ ನಾನು ಬರೆಯುತ್ತೇನೆ. ನನ್ನ ಎಡಗಿವಿಯಲ್ಲಿ ಹಗಲೂ ರಾತ್ರಿ ಗುಂಯ್ ಅನ್ನುವ ಸದ್ದು ಇದೆ. ಮಳೆಗಾಲದಲ್ಲಿ ಹೆಂಚಿನ ಮೇಲೆ ಮಳೆ ಬೀಳುವಾಗ ಮಾತ್ರ ಮರೆತುಹೋಗುತ್ತದೆ. ಹತ್ತು ಅಡಿ ಉದ್ದದ ಒಂದು ಕೋಣೆಯಲ್ಲಿ, ನನ್ನ ಬಲಗಡೆ ಮತ್ತು ಎದುರಿಗೆ ಇಬ್ಬರು ಜೊತೆಗಾರರು ಏಳೆಂಟು ರೌಂಡ್ ಹಾರಿಸಿದರು, ನಾನೂ ಹಾರಿಸಿದೆ. ಆಮೇಲೆ ಒಂದು ಗಂಟೆ ನನಗೆ ಯಾರ ಮಾತೂ ಕೇಳಲಿಲ್ಲ. ಬಲಗೈಯವನು ಗುರಿ ಹಿಡಿದಾಗ ಎಡಗಿವಿಯೇ ನಳಿಕೆಯ ಬಾಯಿಗೆ ಹತ್ತಿರ, ಹಾಗಾಗಿ ಮೊದಲು ಹೋಗುವುದು ಅದೇ. ರೈಫಲಿನ ಸದ್ದು 160 ಡೆಸಿಬಲ್ ಆಸುಪಾಸು. ನಳಿಕೆ ಗಿಡ್ಡ ಆದಷ್ಟೂ ಮದ್ದು ಒಳಗೆ ಉರಿದು ಮುಗಿಯುವ ಮೊದಲೇ ಹೊರಗೆ ಬರುತ್ತದೆ. ಬೆಂಕಿಯ ಚೆಂಡು, ಸದ್ದು ಎರಡೂ ಜಾಸ್ತಿ. ಕತ್ತಲ ಕೋಣೆಯಲ್ಲಿ ಆ ಬೆಂಕಿ ನಿಮ್ಮ ಕಣ್ಣನ್ನೇ ಕುರುಡು ಮಾಡುತ್ತದೆ. ಅದಕ್ಕೆ ನಳಿಕೆಯ ಬಾಯಿಗೆ ಹಾಕಿ ಸದ್ದು ತಗ್ಗಿಸುವ ಸಪ್ರೆಸರ್ ಅನ್ನುವುದು ಸಿನಿಮಾದಲ್ಲಿ ತೋರಿಸುವ ಹಾಗೆ ಕಳ್ಳತನದ ಕೆಲಸಕ್ಕೆ ಅಲ್ಲ, ಜವಾನನ ಕಿವಿ ಉಳಿಸಲು, ತಂಡದವರ ಮಾತು ಒಬ್ಬರಿಗೊಬ್ಬರಿಗೆ ಕೇಳಲು. ಆದರೆ ಅದನ್ನು ಸಿಕ್ಕಿಸಿದರೆ ಐದಾರು ಇಂಚು ಉದ್ದ ಮತ್ತೆ ಸೇರುತ್ತದೆ. ಮತ್ತೆ ಅದೇ ಬಾಗಿಲು, ಅದೇ ಚೌಕಟ್ಟು. .300 ಬ್ಲ್ಯಾಕ್‌ಔಟ್ ಅನ್ನುವ ತೋಟಾ ಹುಟ್ಟಿದ್ದು ಈ ಗಂಟು ಬಿಡಿಸಲೇ. ಎಂಟೊಂಬತ್ತು ಇಂಚಿನ ನಳಿಕೆಯಲ್ಲೇ ಅದರ ಮದ್ದು ಹೆಚ್ಚುಕಡಿಮೆ ಉರಿದು ಮುಗಿಯುತ್ತದೆ, ಸಪ್ರೆಸರ್ ಹಾಕಿದರೂ ಒಟ್ಟು ಉದ್ದ ಹಿಡಿತದಲ್ಲಿ ಇರುತ್ತದೆ. ಒಳ್ಳೆಯ ತೋಟಾ. ಆದರೆ ಅದನ್ನು ಲಕ್ಷಾಂತರ ಜವಾನರಿಗೆ ಪೂರೈಸುವುದು ಬೇರೆ ಮಾತು.

ಇನ್ನೊಂದನ್ನು ಹುಡುಗರಿಗೆ ಗೋಡೆಯ ಕ್ಯಾಲೆಂಡರ್ ಇಟ್ಟುಕೊಂಡು ತೋರಿಸಿದೆ. ರೆಡ್ ಡಾಟ್ ಅನ್ನು ನಳಿಕೆಗಿಂತ ಆರು ಏಳು ಸೆಂಟಿಮೀಟರ್ ಮೇಲೆ ಕೂರಿಸಿರುತ್ತಾರೆ. ದೂರಕ್ಕೆ ಇದು ಗೊತ್ತಾಗುವುದಿಲ್ಲ. ಐದು ಮೀಟರಿನಲ್ಲಿ ಭಾನುವಾರದ ಮೇಲೆ ಚುಕ್ಕೆ ಇಟ್ಟು ಹೊಡೆದರೆ ಗುಂಡು ಎರಡು ಸಾಲು ಕೆಳಗೆ ಬೀಳುತ್ತದೆ. ಒತ್ತೆಯಾಳಿನ ಭುಜದ ಮೇಲಿಂದ ಇಣುಕುವವನಿಗೆ ಗುರಿ ಇಡುವಾಗ ಆ ಆರು ಸೆಂಟಿಮೀಟರ್ ಒಂದು ಜೀವ. ಕ್ಯಾಲಿಬರಿನ ವಾದ ಮಾಡುವವರಲ್ಲಿ ಹತ್ತಕ್ಕೆ ಒಂಬತ್ತು ಜನಕ್ಕೆ ಇದು ಗೊತ್ತಿಲ್ಲ.

ಹಾಗಾದರೆ ನೀವು ಏನು ಹಿಡಿಯುತ್ತೀರಿ ಮಾವ ಅಂತ ಕೊನೆಗೆ ಕೇಳಿದ. ಮನೆ ಹೊಕ್ಕುವುದೇ ಕೆಲಸವಾದರೆ 5.56 ಕಾರ್ಬೈನ್, ನಳಿಕೆ ಹನ್ನೊಂದರಿಂದ ಹದಿಮೂರು ಇಂಚು, ಆ ಗಿಡ್ಡ ನಳಿಕೆಗೆ ಹೊಂದುವ ಗುಂಡು, ಟಾರ್ಚ್, ಕಿವಿಗೆ ರಕ್ಷಣೆ. ಬರ್ಸ್ಟ್ ಬೇಡ, ಒಂದೊಂದೇ ರೌಂಡ್, ಬೇಗ ಬೇಗ. ಅದು ಸಿಗದಿದ್ದರೆ ಬಟ್ಟು ಮಡಚುವ ಎಕೆ. ತಂಡದಲ್ಲಿ ಹಿಂದೆ ಒಬ್ಬ 51ರವನು ಇರಲಿ, ಅಂಗಳ ಮತ್ತು ಎದುರಿನ ಮಹಡಿ ಅವನದ್ದು. ಇಷ್ಟು ಹೇಳಿದೆ.

ಅಷ್ಟು ಹೊತ್ತೂ ಜಗಲಿಯ ಐಮರದ ಹಲಗೆಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ ದೊಡ್ಡಪ್ಪ ಎದ್ದರು. ಅವರು 1987ರ ಅಕ್ಟೋಬರಿನಲ್ಲಿ ಶ್ರೀಲಂಕಾದ ಜಾಫ್ನಾದಲ್ಲಿ ಇದ್ದವರು, ಎಲ್‌ಟಿಟಿಇ ವಿರುದ್ಧ ನಮ್ಮ ಸೈನ್ಯದ ಆಪರೇಷನ್ ಪವನ್. ನಮ್ಮವರ ಕೈಯಲ್ಲಿ ಎಸ್‌ಎಲ್‌ಆರ್, ಒಂದೊಂದೇ ಗುಂಡು. ಎಲ್‌ಟಿಟಿಇಯವರ ಕೈಯಲ್ಲಿ ಎಕೆ. ಕಿರಿದಾದ ಗಲ್ಲಿ, ತಾಳೆಗರಿ ಬೇಲಿ, ಒಂದಕ್ಕೊಂದು ಅಂಟಿದ ಮನೆಗಳು. ಅದಾದ ಮೇಲೆ, 1990ರ ದಶಕದ ಶುರುವಿನಲ್ಲಿ ನಮ್ಮ ಸರ್ಕಾರ ಪೂರ್ವ ಯುರೋಪಿನಿಂದ ಸುಮಾರು ಒಂದು ಲಕ್ಷ ಎಕೆ ತರಿಸಿತು. ದೊಡ್ಡಪ್ಪ ಆ ದಿನಗಳ ಬಗ್ಗೆ ಮನೆಯಲ್ಲಿ ಯಾವತ್ತೂ ಮಾತಾಡಿದವರಲ್ಲ. ಅವರು ಬಂದು ನಾಲ್ಕು ಕೋಲಿನಲ್ಲಿ ಉದ್ದದ್ದನ್ನು ಎತ್ತಿಕೊಂಡರು. ಭುಜಕ್ಕೆ ಆನಿಸಿದರು. ಬಾಗಿಲ ಎದುರು ನಿಂತರು. ಮೂವತ್ತೆಂಟು ವರ್ಷದ ಮೇಲೆ, ಬರೀ ಒಂದು ಕಾಫಿ ಕೋಲಿನ ಎಡ ಮಗ್ಗುಲಲ್ಲಿ ಅವರ ಬಲಗೈ ಹೆಬ್ಬೆರಳು ಸೇಫ್ಟಿಯ ಗುಬ್ಬಿಯನ್ನು ಹುಡುಕಿತು, ಕೆಳಗೆ ಒತ್ತಿತು. ಆಮೇಲೆ ಕೋಲನ್ನು ಎದೆಗೆ ಒತ್ತಿಕೊಂಡು ತುದಿ ಮೇಲೆ ಮಾಡಿ, ತಲೆ ಬಗ್ಗಿಸಿ, ಚೌಕಟ್ಟಿಗೆ ಎಲ್ಲೂ ತಾಗದ ಹಾಗೆ ಒಳಗೆ ಹೋದರು. ಎಡ ಮೂಲೆ ನೋಡಿದರು, ಬಲ ಮೂಲೆ ನೋಡಿದರು. ಹುಡುಗರು ಉಸಿರು ಬಿಡಲಿಲ್ಲ. ಒಳಗಿನಿಂದಲೇ ದೊಡ್ಡಪ್ಪ ಹೇಳಿದರು, ಅಲ್ಲಿ ಬಾಗಿಲು ಇದಕ್ಕಿಂತ ಚಿಕ್ಕದಿತ್ತು.